ಕಾಕುನೊದಾತೆಯ ಚೆರ್ರಿ ತೊಗಟೆ ಡಬ್ಬಿ: ಕಾಡಿನ ಮರದಿಂದ ಚಹಾ ಡಬ್ಬಿಯ ಮುಚ್ಚಳದವರೆಗೆ

ಜಪಾನಿನ ಅಕಿತಾ ಪ್ರಾಂತದ ಕಾಕುನೊದಾತೆಯಲ್ಲಿ ಮಾಡಿದ ಕಾಬಾಜೈಕು, ಅಂದರೆ ಚೆರ್ರಿ ತೊಗಟೆ ಕೆಲಸದ, ಡಬ್ಬಿಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಅದಕ್ಕೆ ಪಾಲಿಶ್ ಬಳಿದಿದ್ದಾರೆ ಎಂದೇ ತಿಳಿಯುತ್ತಾರೆ. ಕೆಂಪು ಬೆರೆತ ಕಂದು ಮೈ, ಮೈತುಂಬ ಅಡ್ಡಡ್ಡ ಗೆರೆಗಳು, ಕಿಟಕಿಯ ಬೆಳಕು ಮೂಡುವಷ್ಟು ನುಣುಪು. ಅದು ಬಳಿದ ಹೊಳಪಲ್ಲ, ಕಾಡು ಚೆರ್ರಿ ಮರದ ತೊಗಟೆಯದೇ ಹೊಳಪು. ಇಡೀ ಡಬ್ಬಿಗೆ ಬೇಕಾದ ಸಾಮಗ್ರಿ ಮೂರೇ: ತೊಗಟೆ, ಕಾಗದದ ಹಾಗೆ ಸುತ್ತಬಲ್ಲ ತೆಳು ಮರದ ಹಾಳೆ, ಸರೇಸು ಎಂಬ ಅಂಟು. ಮೊಳೆಯಿಲ್ಲ, ಹೊಲಿಗೆಯಿಲ್ಲ. ಈ ಮೂರನ್ನೂ ಒಂದಾಗಿಸುವುದು ಕಾದ ಕಬ್ಬಿಣ.

ಕಲಿಯಲು ಕೂತವರಿಗೆ ಚೂರಿಯ ಕೆಲಸವೇ ಕಷ್ಟ ಅನಿಸುತ್ತದೆ. ಆದರೆ ಡಬ್ಬಿಗಳು ಕೆಡುವುದು ಬಹುಪಾಲು ತೇವದಿಂದ. ಯಾವ ಹಂತದಲ್ಲಿ ತೊಗಟೆಯಲ್ಲಿ ಎಷ್ಟು ಪಸೆ ಇರಬೇಕು, ಅದು ಯಾವಾಗ ಹೋಗಿರಬೇಕು ಎಂಬುದು ಗೊತ್ತಾದರೆ ಉಳಿದದ್ದು ಕೈಯ ಅಭ್ಯಾಸ. ಇಲ್ಲಿ ಒಂದೇ ಡಬ್ಬಿಯನ್ನು ಹಿಡಿದು ಹೇಳುತ್ತೇನೆ. ಒಳಗೆ 72 ಮಿಲಿಮೀಟರ್ ವ್ಯಾಸ, ಸುಮಾರು 115 ಮಿಲಿಮೀಟರ್ ಎತ್ತರ. ನೂರು ಗ್ರಾಂ ಹಸಿರು ಚಹಾ ಎಲೆಗೆ ಸಾಕು.

ಈ ಕಸುಬು ಕಾಕುನೊದಾತೆಗೆ ಬಂದದ್ದು ಟೆನ್ಮೇ ಕಾಲದಲ್ಲಿ, 1780ರ ದಶಕದಲ್ಲಿ. ಊರನ್ನು ಆಳುತ್ತಿದ್ದ ಸತಾಕೆ ಮನೆತನದ ಉತ್ತರ ಶಾಖೆಯ ಸೇವೆಯಲ್ಲಿದ್ದ ಫುಜಿಮುರಾ ಹಿಕೊರೊಕು ಎಂಬ ಸಮುರಾಯಿ, ಉತ್ತರಕ್ಕಿರುವ ಆನಿ ಎಂಬಲ್ಲಿಂದ ಇದನ್ನು ಕಲಿತು ತಂದನೆಂದು ಹೇಳುತ್ತಾರೆ. ಸಂಬಳದ ಅಕ್ಕಿ ಸಾಲದ ಕೆಳದರ್ಜೆಯ ಸಮುರಾಯಿಗಳಿಗೆ ಇದು ಮನೆಯಲ್ಲೇ ಕೂತು ಮಾಡುವ ಕೈಕೆಲಸವಾಯಿತು. ಆಗ ಮಾಡುತ್ತಿದ್ದದ್ದು ಸೊಂಟಕ್ಕೆ ತೂಗುಹಾಕುವ ಔಷಧಿ ಡಬ್ಬಿ, ತಂಬಾಕಿನ ಡಬ್ಬಿ. 1868ರಲ್ಲಿ ಶುರುವಾದ ಮೇಜಿ ಕಾಲದಲ್ಲಿ ಸಮುರಾಯಿಗಳ ಸಂಬಳವೇ ನಿಂತುಹೋದಾಗ ಅದೇ ಹೊಟ್ಟೆಪಾಡಾಯಿತು. ಜನಸಾಮಾನ್ಯರ ಕರಕುಶಲ ವಸ್ತುಗಳ ಪರವಾಗಿ ಜೀವನವಿಡೀ ದುಡಿದ ಯಾನಾಗಿ ಸೋಎತ್ಸು ಇಪ್ಪತ್ತನೇ ಶತಮಾನದಲ್ಲಿ ಇದನ್ನು ಎತ್ತಿಹಿಡಿದರು. 1976ರಲ್ಲಿ ಜಪಾನ್ ಸರ್ಕಾರ ಇದಕ್ಕೆ ಸಾಂಪ್ರದಾಯಿಕ ಕರಕುಶಲದ ಮಾನ್ಯತೆ ಕೊಟ್ಟಿತು. ಊರು ಈಗ ಸೆಂಬೊಕು ನಗರಕ್ಕೆ ಸೇರಿದೆ. ಸಮುರಾಯಿ ಮನೆಗಳ ಬೀದಿಯಲ್ಲಿರುವ ಕಾಬಾಜೈಕು ದೆನ್ಶೋಕಾನ್ ಎಂಬ ಸಂಗ್ರಹಾಲಯದಲ್ಲಿ ಕಸುಬುದಾರರು ಕೂತು ಕೆಲಸ ಮಾಡುವುದನ್ನು ಎದುರಿನಿಂದಲೇ ನೋಡಬಹುದು.

ಏಪ್ರಿಲ್ ಕೊನೆಯಲ್ಲಿ ಜನ ಹೂ ನೋಡಲು ಕಾಕುನೊದಾತೆಗೆ ಮುಗಿಬೀಳುತ್ತಾರೆ. ಹಿನೊಕಿನಾಯಿ ನದಿಯ ದಂಡೆಯ ಮರಗಳಾಗಲಿ, ಸಮುರಾಯಿ ಬೀದಿಯಲ್ಲಿ ಕೊಂಬೆ ಇಳಿಬಿಟ್ಟ ಮರಗಳಾಗಲಿ ಈ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದು ಬೆಟ್ಟದಲ್ಲಿ ತಾನಾಗಿ ಬೆಳೆದ ಯಾಮಾಜಾಕುರಾ ಗುಂಪಿನ ಮರಗಳು, ಮುಖ್ಯವಾಗಿ ಓಯಾಮಾಜಾಕುರಾ ಮತ್ತು ಕಾಸುಮಿಜಾಕುರಾ. ಸುಲಿಯುವ ಕಾಲ ಆಗಸ್ಟ್, ಸೆಪ್ಟೆಂಬರ್. ಆಗ ಮರದೊಳಗೆ ನೀರಾಡುತ್ತಿರುತ್ತದೆ, ಹೊರತೊಗಟೆ ಒಳತೊಗಟೆಯಿಂದ ಸುಲಭವಾಗಿ ಬಿಡುತ್ತದೆ. ಕಾಂಡದ ಉದ್ದಕ್ಕೆ ಒಂದು ಗೀರು, ಮೇಲೆ ಕೆಳಗೆ ಅಡ್ಡ ಗೀರು, ಆಮೇಲೆ ಚಪ್ಪಟೆ ಸಲಕರಣೆ ತೂರಿಸಿ ಮೆಲ್ಲಗೆ ಎಬ್ಬಿಸುವುದು. ಗೀರು ಹೊರತೊಗಟೆಯನ್ನಷ್ಟೇ ಕತ್ತರಿಸಬೇಕು. ಚೂರಿ ಇನ್ನೂ ಆಳಕ್ಕೆ ಇಳಿದರೆ ಮರ ಗಾಯಗೊಳ್ಳುತ್ತದೆ, ಅಲ್ಲಿಂದ ಕೊಳೆ ಶುರುವಾಗುತ್ತದೆ. ಕಾಂಡದ ಪೂರ್ತಿ ಸುತ್ತಲೂ ಸುಲಿಯುವುದಿಲ್ಲ. ಉಳಿಸಿಕೊಂಡ ಮರ ವರ್ಷಗಳು ಕಳೆದ ಮೇಲೆ ಮತ್ತೆ ತೊಗಟೆ ಕಟ್ಟುತ್ತದೆ. ಈ ಎರಡನೇ ತೊಗಟೆಗೆ ನಿದೊಕಾವಾ ಎಂದು ಹೆಸರು. ಅದರ ಮೈ ಒರಟು, ಕೆಲವರಿಗೆ ಅದೇ ಹೆಚ್ಚು ಇಷ್ಟ.

ಮರದ ಮೇಲೆ ಗೆರೆಗಳು ಅಡ್ಡಕ್ಕಿರುತ್ತವೆ, ಡಬ್ಬಿಯ ಮೇಲೂ ಅಡ್ಡಕ್ಕೇ ಬರಬೇಕು. ಅಂದರೆ ಡಬ್ಬಿಯ ಸುತ್ತಳತೆ ಕಾಂಡದ ಸುತ್ತಿನಿಂದಲೇ ಸಿಗಬೇಕು. ನಮ್ಮ ಡಬ್ಬಿಯ ಹೊರಮೈಗೆ ಸುಮಾರು 251 ಮಿಲಿಮೀಟರ್ ಉದ್ದದ ಪಟ್ಟಿ ಬೇಕು. ಕಾಂಡದ ಅರ್ಧ ಸುತ್ತನ್ನು ಮಾತ್ರ ಸುಲಿಯುವುದಾದರೆ ಮರ ಕಡಿಮೆಯೆಂದರೂ 16 ಸೆಂಟಿಮೀಟರ್ ದಪ್ಪ ಇರಬೇಕು, ಅಷ್ಟಗಲದಲ್ಲಿ ಗಂಟೂ ಗಾಯವೂ ಇರಬಾರದು. ಇಂಥ ತೊಗಟೆ ಬೆಟ್ಟದಲ್ಲಿ ಹುಡುಕಿದಷ್ಟು ಸಲೀಸಾಗಿ ಸಿಗುವುದಿಲ್ಲ. ಸುಲಿಯಲು ಹೋಗುವವರೂ ಕಡಿಮೆಯಾಗಿದ್ದಾರೆ. ಹಾಗಾಗಿ ಒಂದೇ ಹಾಳೆಯಲ್ಲಿ ಸುತ್ತಿದ ದೊಡ್ಡ ಡಬ್ಬಿಯ ಬೆಲೆ ಹೆಚ್ಚಿದ್ದರೆ ಅದಕ್ಕೆ ಕಾರಣ ಇದೆ.

ಸುಲಿದ ತೊಗಟೆ ಗಾಳಿಯಾಡುವ ನೆರಳಿನಲ್ಲಿ ವರ್ಷದ ಮೇಲೆ ಒಣಗಬೇಕು. ಇಲ್ಲಿ ಅವಸರಪಟ್ಟರೆ ಮುಂದೆ ತಿದ್ದಲು ಬರುವುದಿಲ್ಲ. ಅರೆ ಒಣಗಿದ ತೊಗಟೆಯನ್ನು ಅಂಟಿಸಿದರೆ ಅದು ಡಬ್ಬಿಯ ಮೇಲೆಯೇ ಒಣಗಿ ಕುಗ್ಗುತ್ತದೆ, ಕುಗ್ಗಿದಾಗ ಕೂಡಿಸಿದ ಜಾಗ ಬಾಯಿಬಿಡುತ್ತದೆ. ಜನ ಸರೇಸು ಸರಿಯಿಲ್ಲ ಎನ್ನುತ್ತಾರೆ. ಸರೇಸಿನ ತಪ್ಪೇನೂ ಇರುವುದಿಲ್ಲ.

ಒಣಗಿದ ತೊಗಟೆಯನ್ನು ಮೈಯ ಗುಣ ನೋಡಿ ವಿಂಗಡಿಸುತ್ತಾರೆ. 12 ಬಗೆ ಇವೆಯೆಂಬ ಲೆಕ್ಕ ರೂಢಿಯಲ್ಲಿದೆ. ಹೊರಗಿನ ಬೂದು ಪದರವನ್ನು ಪೂರ್ತಿ ಹೆರೆದು ಹೊಳಪು ತರಿಸಿದ್ದು ಮುಜಿ. ಬೂದು ಮಚ್ಚೆಗಳನ್ನು ಅಲ್ಲಲ್ಲಿ ಉಳಿಸಿದ್ದು ಚಿರಾಶಿ. ಹೆರೆಯದೆ, ಮಂಜು ಬಿದ್ದಂಥ ಬಿಳಿಯ ಮೈಯನ್ನು ಹಾಗೇ ಬಿಟ್ಟದ್ದು ಶಿಮೊಫುರಿ. ನಾವು ಮಾಡುತ್ತಿರುವುದು ಮುಜಿ ಡಬ್ಬಿ.

ಹಾಳೆ ಸುರುಳಿಯಾಗಿರುತ್ತದೆ, ಒಣಗಿದಾಗಲೇ ಬಿಡಿಸಲು ಹೋದರೆ ಗೆರೆಯ ಗುಂಟ ಸೀಳುತ್ತದೆ. ಒದ್ದೆ ಬಟ್ಟೆಯಿಂದ ಎರಡೂ ಮೈ ಒರೆಸಿ, ಪಸೆ ಒಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಬಿಸಿ ಕಬ್ಬಿಣ ಒತ್ತಿ ಚಪ್ಪಟೆ ಮಾಡುತ್ತೇವೆ. ಈ ಕಬ್ಬಿಣಕ್ಕೆ ಕೊತೆ ಎನ್ನುತ್ತಾರೆ: ಉದ್ದ ಹಿಡಿ, ತುದಿಯಲ್ಲಿ ನುಣ್ಣನೆಯ ಚಿಕ್ಕ ಮುಖ. ಚಪ್ಪಟೆ ಮುಖದ್ದು, ಉಬ್ಬು ಮುಖದ್ದು, ಮೂಲೆಗೆ ಹೋಗುವ ಕಿರಿದು ಎಂದು ಹಲವಾರು ಇರುತ್ತವೆ. ಒಂದು ಕೈಯಲ್ಲಿರುವಾಗ ಇನ್ನೊಂದು ಒಲೆಯ ಮೇಲೆ ಕಾಯುತ್ತಿರುತ್ತದೆ.

ಚಪ್ಪಟೆಯಾದ ಮೇಲೆ ಹೆರೆಯುವುದು. ಚೂರಿಯನ್ನು ತೊಗಟೆಗೆ ನೆಟ್ಟಗೆ ಹಿಡಿದು, ಗೆರೆಗಳು ಹೋದ ದಿಕ್ಕಿನಲ್ಲೇ ಎಳೆಯಬೇಕು. ಮೊದಲು ಬೂದು ಪುಡಿ ಉದುರುತ್ತದೆ, ಆಮೇಲೆ ಕಂದು ಪುಡಿ. ಚೂರಿಯ ಸದ್ದು ಕೊರಕೊರ ಎನ್ನುವುದು ನಿಂತು ಮೆತ್ತಗಾದಾಗ ಬೂದು ಪದರ ಹೋಯಿತೆಂದು ಗೊತ್ತಾಗುತ್ತದೆ. ಆಗ ಕೈ ನಿಲ್ಲಿಸಬೇಕು. ಆ ಅಡ್ಡಗೆರೆಗಳು ಮರ ಉಸಿರಾಡುವ ರಂಧ್ರಗಳು. ಸುತ್ತಲಿನ ಮೈಗಿಂತ ಸಡಿಲ. ಗೆರೆಗೆ ಅಡ್ಡವಾಗಿ ಹೆರೆದರೆ ಚೂರಿ ಅವುಗಳಿಗೆ ತಾಗಿ ಕುಣಿದು ಮೈಮೇಲೆ ಅಲೆ ಮೂಡಿಸುತ್ತದೆ. ಅತಿಯಾಗಿ ಹೆರೆದರೆ ರಂಧ್ರದೊಳಗಿನದು ಉದುರಿ ತೂತೇ ಬೀಳುತ್ತದೆ, ಮುಂದೆ ಆ ತೂತಿನಿಂದ ಸರೇಸು ಹೊರಬಂದು ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ಬೆಳಕಿಗೆ ಹಿಡಿದು ನೋಡಿ, ಮುಗಿಯಿತು ಅನಿಸುವುದಕ್ಕಿಂತ ಒಂದೆಳೆ ಮೊದಲೇ ನಿಲ್ಲಿಸುವುದು ಒಳ್ಳೆಯದು. ಉಳಿದದ್ದನ್ನು ಕೊನೆಯ ಉಜ್ಜುವಿಕೆ ನೋಡಿಕೊಳ್ಳುತ್ತದೆ.

ಇನ್ನು ಸರೇಸು. ಜಪಾನಿನಲ್ಲಿ ನಿಕಾವಾ ಎನ್ನುವುದು ಇದೇ, ದನದ ಚರ್ಮದಿಂದ ತೆಗೆದದ್ದು. ತೂಕದಲ್ಲಿ ಒಂದು ಪಾಲು ಸರೇಸಿಗೆ ಎರಡು ಪಾಲು ತಣ್ಣೀರು ಹಾಕಿ ರಾತ್ರಿಯಿಡೀ ನೆನೆಸಬೇಕು. ಬೆಳಿಗ್ಗೆ ಅದು ನೀರು ಕುಡಿದು ಊದಿಕೊಂಡಿರುತ್ತದೆ. ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯೊಳಗಿಟ್ಟು 60ರಿಂದ 65 ಡಿಗ್ರಿಯಲ್ಲಿ ಕರಗಿಸಬೇಕು. ಕುದಿಸಲೇಬಾರದು. ಕುದಿದರೆ ಸರೇಸಿಗೆ ಬಲ ಕೊಡುವ ಉದ್ದನೆಯ ಪ್ರೋಟೀನ್ ಎಳೆಗಳು ತುಂಡಾಗುತ್ತವೆ. ನೋಡಲು ಅಂಟಾಗಿಯೇ ಇರುತ್ತದೆ, ಹಿಡಿತ ಇರುವುದಿಲ್ಲ. ಬ್ರಷ್ ಎತ್ತಿದಾಗ ತೊಟ್ಟು ಕಡಿಯದೆ ಎಳೆ ಪಾಕದ ಹಾಗೆ ಸಣ್ಣಗೆ ಇಳಿದರೆ ಹದ. ದಪ್ಪವಾಯಿತೆಂದರೆ ಬಿಸಿನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ ಎರಡೇ ದಿನಕ್ಕೆ ವಾಸನೆ ಹಿಡಿಯುವುದರಿಂದ ಅಂದಿನದನ್ನು ಅಂದೇ ಮಾಡಿಕೊಳ್ಳುವುದು ಲೇಸು.

ಸರೇಸು ಹಚ್ಚಿದ ಕೂಡಲೇ ಅಂಟಿಸುವುದಿಲ್ಲ. ಹೊಸಬರು ತಪ್ಪುವುದು ಇಲ್ಲೇ. ತೊಗಟೆಯ ಹಿಂಬದಿಗೆ ತೆಳ್ಳಗೆ ಸರೇಸು ಬಳಿದು ಪೂರ್ತಿ ಒಣಗಲು ಬಿಡುತ್ತೇವೆ. ಒಣಗಿದ ಮೇಲೆ ಅದು ಗಾಜಿನಂತೆ ಗಟ್ಟಿ. ಅಂಟಿಸುವ ಹೊತ್ತಿಗೆ ಸ್ವಲ್ಪವೇ ನೀರು ಸವರಿ ಕಾದ ಕೊತೆ ಒತ್ತಿದಾಗ ಬಿಸಿ ತೊಗಟೆಯನ್ನು ದಾಟಿ ಹಿಂದಿನ ಸರೇಸನ್ನು ಕರಗಿಸುತ್ತದೆ, ಕೊತೆ ಮುಂದೆ ಸಾಗಿದಂತೆ ಅದು ತಣ್ಣಗಾಗಿ ಹಿಡಿದುಕೊಳ್ಳುತ್ತದೆ. ಹಸಿ ಸರೇಸಿನಲ್ಲೇ ಅಂಟಿಸಿದರೆ ಒಳಗಿನ ನೀರಿಗೆ ಹೊರಬರುವ ದಾರಿಯಿಲ್ಲ, ಏಕೆಂದರೆ ಚೆರ್ರಿಯ ಹೊರತೊಗಟೆ ನೀರನ್ನು ಸುಲಭವಾಗಿ ದಾಟಗೊಡುವುದಿಲ್ಲ. ಚಹಾ ಎಲೆಯನ್ನು ಗರಿಗರಿಯಾಗಿ ಕಾಯುವ ಗುಣವೇ ಮಾಡುವವನನ್ನು ಕಾಡುತ್ತದೆ. ಸಿಕ್ಕಿಬಿದ್ದ ನೀರು ಕೊತೆಯ ಬಿಸಿಗೆ ಆವಿಯಾಗಿ ಗುಳ್ಳೆ ಏಳಿಸುತ್ತದೆ.

ಕೊತೆಯ ಬಿಸಿ ತಿಳಿಯಲು ಒಂದು ಹನಿ ನೀರು ಸಾಕು. ಹನಿ ಬಿದ್ದಲ್ಲೇ ಚುರ್ರೆಂದು ಆರಿದರೆ ಸರಿ. ಆರದೆ ಗುಂಡಾಗಿ ಉರುಳಿಹೋದರೆ ಕಬ್ಬಿಣ ವಿಪರೀತ ಕಾದಿದೆ ಎಂದರ್ಥ, ಒದ್ದೆ ಬಟ್ಟೆಗೆ ಒತ್ತಿ ಇಳಿಸಬೇಕು. ವಿಪರೀತ ಕಾದ ಕೊತೆ ತೊಗಟೆಯ ಮೈ ಸುಟ್ಟು ಕಪ್ಪಾಗಿಸುತ್ತದೆ, ಸುಡದಿದ್ದರೂ ತೊಗಟೆ ಪೆಡಸಾಗಿ ಮಡಚುವಲ್ಲಿ ಬಿರಿಯುತ್ತದೆ. ಬಿಸಿ ಸಾಲದಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಅಂಟಿದಂತೆ ಇರುತ್ತದೆ, ಸರೇಸು ಕರಗಿರುವುದಿಲ್ಲ. ಪತ್ತೆಗೆ ಉಗುರಿನಿಂದ ತಟ್ಟಿ ಕೇಳಬೇಕು. ಗಟ್ಟಿ ಸದ್ದು ಬಂದರೆ ಹಿಡಿದಿದೆ, ಟೊಳ್ಳು ಸದ್ದು ಬಂದರೆ ಅಲ್ಲಿ ಗಾಳಿಯಿದೆ. ಕೊತೆಯನ್ನು ಒಂದೇ ಕಡೆ ನಿಲ್ಲಿಸಬಾರದು, ನಡುವಿನಿಂದ ಅಂಚಿಗೆ ಸಾಗಿಸುತ್ತ ಗಾಳಿಯನ್ನು ಹೊರದೂಡಬೇಕು.

ಕಾಬಾಜೈಕುವಿನಲ್ಲಿ ಮೂರು ದಾರಿಗಳಿವೆ. ಅಚ್ಚಿನ ಮೇಲೆ ಸುತ್ತಿ ಮಾಡುವುದು ಕಾತಾಮೊನೊ, ಚಹಾ ಡಬ್ಬಿಗಳು ಈ ಗುಂಪಿನವು. ಮರದ ಪೆಟ್ಟಿಗೆ, ತಟ್ಟೆಗಳ ಮೇಲೆ ತೊಗಟೆ ಹೊದಿಸುವುದು ಕಿಜಿಮೊನೊ. ಹತ್ತಾರು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಆ ಗಟ್ಟಿಯನ್ನು ಕೆತ್ತಿ ರೂಪ ಕೊಡುವುದು ತತಾಮಿಮೊನೊ. ಪದಕ, ಬ್ರೋಚ್‌ನಂಥ ಸಣ್ಣ ವಸ್ತುಗಳು ಅದರಲ್ಲಿ ಆಗುತ್ತವೆ.

ನಮ್ಮದು ಅಚ್ಚಿನ ಕೆಲಸ. ಅಚ್ಚು 72 ಮಿಲಿಮೀಟರ್ ವ್ಯಾಸದ ಗಟ್ಟಿ ಮರದ ಉರುಳೆ. ಮೊದಲ ಸುತ್ತು ಡಬ್ಬಿಯ ಒಳಮೈ ಆಗುವ ತೊಗಟೆ, ಹೊಳಪಿನ ಬದಿ ಅಚ್ಚಿನ ಕಡೆಗೆ, ಸರೇಸಿನ ಬದಿ ಹೊರಗೆ. ಅದರ ಮೇಲೆ ತೆಳು ಮರದ ಹಾಳೆ. ಅದರ ಮೇಲೆ ಮತ್ತೆ ತೊಗಟೆ. ಮೂರೂ ಸೇರಿ ಗೋಡೆ ಸುಮಾರು 1.6 ಮಿಲಿಮೀಟರ್ ದಪ್ಪ. ಇದು ಒಳಕೊಳವೆ. ಇದರ ಮೇಲೆ ಅಷ್ಟೇ ದಪ್ಪದ ಹೊರಕೊಳವೆ ಬರುತ್ತದೆ. ಎರಡರ ನಡುವೆ ತೆಳು ಕಾಗದ ಸುತ್ತಿ ಅಂಟದಂತೆ ನೋಡಿಕೊಳ್ಳಬೇಕು.

ಅಳತೆಯನ್ನು ಒಂದೇ ಸಲ ತೆಗೆದು ಎಲ್ಲ ಪಟ್ಟಿಗಳನ್ನೂ ಕತ್ತರಿಸಬಾರದು. ಗೋಡೆ ಅರ್ಧ ಮಿಲಿಮೀಟರ್ ದಪ್ಪವಾದರೆ ಸುತ್ತಳತೆ ಮೂರು ಮಿಲಿಮೀಟರ್‌ಗಿಂತ ತುಸು ಹೆಚ್ಚು ಬೆಳೆಯುತ್ತದೆ. ಅಚ್ಚಿನ ಸುತ್ತಳತೆ 226 ಮಿಲಿಮೀಟರ್. ಎಲ್ಲ ಪದರ ಮುಗಿದಾಗ ಹೊರಗಿನದು 246. ಒಂದು ಪದರ ಹಿಡಿದು ತಣ್ಣಗಾದ ಮೇಲೆ ಕಾಗದದ ಪಟ್ಟಿ ಸುತ್ತಿ ಮುಂದಿನ ಅಳತೆ ತೆಗೆದು, ಅದಕ್ಕೆ ಕೂಡುವ ಜಾಗಕ್ಕೆಂದು 5 ಮಿಲಿಮೀಟರ್ ಸೇರಿಸಬೇಕು. ಈ 5 ಮಿಲಿಮೀಟರ್‌ನಲ್ಲಿ ಎರಡೂ ತುದಿಗಳನ್ನು ಓರೆಯಾಗಿ, ಒಂದನ್ನು ಮೇಲಿನಿಂದ ಇನ್ನೊಂದನ್ನು ಕೆಳಗಿನಿಂದ, ಅಂಚು ಇಲ್ಲವಾಗುವಷ್ಟು ತೆಳ್ಳಗೆ ಹೆರೆಯುತ್ತೇವೆ. ಒಂದರ ಮೇಲೊಂದು ಕೂತಾಗ ದಪ್ಪ ಉಳಿದ ಕಡೆಯಷ್ಟೇ ಇರಬೇಕು. ಬೆರಳಿಗೆ ಏಣು ತಾಗಿದರೆ ಓರೆ ಸಾಲದು. ತೊಗಟೆಯ ಗೆರೆಗಳೂ ಕೂಡುವಲ್ಲಿ ಒಂದರಿಂದೊಂದು ಮುಂದುವರಿದಂತೆ ಕಾಣಬೇಕು. ಅದಕ್ಕಾಗಿ ಕತ್ತರಿಸುವ ಮೊದಲೇ ಹಾಳೆಯನ್ನು ಅಚ್ಚಿನ ಮೇಲೆ ಒಣದಾಗಿ ಸುತ್ತಿ, ತಿರುಗಿಸಿ ತಿರುಗಿಸಿ ಜಾಗ ಆರಿಸಬೇಕು. ಪದರದಿಂದ ಪದರಕ್ಕೆ ಕೂಡು ಬೇರೆ ಬೇರೆ ಕಡೆ ಬರಲಿ. ಒಂದರ ಮೇಲೊಂದು ಬಂದರೆ ಅಲ್ಲಿ ಗೋಡೆ ದುರ್ಬಲ, ಉರುಟೂ ಕೆಡುತ್ತದೆ.

ಹೊರತೊಗಟೆ ಸುತ್ತುವಾಗ ಕೊತೆಯನ್ನು ಕೂಡಿನ ಎದುರು ಬದಿಯಿಂದ ಶುರುಮಾಡಿ ಎರಡೂ ಕಡೆಗೆ ತರಬೇಕು, ಕೂಡು ಕೊನೆಗೆ. ತೊಗಟೆ ಬಿಸಿಗೆ ತುಸು ಹಿಗ್ಗುತ್ತದೆ. ಆ ಹಿಗ್ಗು ಕೊನೆಯಲ್ಲಿ ಒಂದೇ ಕಡೆ ಶೇಖರವಾದರೆ ಓರೆಯ ಮೇಲೆ ಅರ್ಧ ಮಿಲಿಮೀಟರ್ ಜರುಗುತ್ತದೆ, ಅದನ್ನು ಕೂಡಿನ ಜಾಗ ನುಂಗಿಕೊಳ್ಳುತ್ತದೆ. ಕೂಡಿನಿಂದಲೇ ಶುರುಮಾಡಿದರೆ ಆ ಹಿಗ್ಗು ನಡುವೆ ಎಲ್ಲೋ ಸುಕ್ಕಾಗಿ ನಿಲ್ಲುತ್ತದೆ, ಆ ಸುಕ್ಕನ್ನು ಯಾವ ಕೊತೆಯೂ ಬಿಡಿಸಲಾರದು.

ಕೊಳವೆ ಅಚ್ಚಿನ ಮೇಲೆಯೇ ಕನಿಷ್ಠ ಒಂದು ರಾತ್ರಿ ಇರಬೇಕು. ಬಿಸಿಯಾಗಿರುವಾಗಲೇ ಕಳಚಿದರೆ ಉರುಟು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಹೊರಕೊಳವೆಯನ್ನು ಮೇಲಿನಿಂದ ಮೂರನೇ ಒಂದು ಭಾಗದಷ್ಟು ಬಿಟ್ಟು ಕತ್ತರಿಸಿದಾಗ ಮೇಲಿನ ತುಂಡು ಮುಚ್ಚಳ, ಕೆಳಗಿನದು ಒಡಲು. ಒಂದೇ ಕೊಳವೆಯನ್ನು ಕತ್ತರಿಸಿರುವುದರಿಂದ ಮುಚ್ಚಳ ಹಾಕಿದಾಗ ತೊಗಟೆಯ ಚಿತ್ತಾರ ಕೂಡಿಕೊಳ್ಳುತ್ತದೆ. ಒಳಕೊಳವೆಯನ್ನು ಒಡಲಿಗೆ ಅಂಟಿಸುತ್ತೇವೆ. ಅದರ ಮೇಲಂಚು ಒಡಲಿಗಿಂತ ಎತ್ತರಕ್ಕೆ ನಿಂತು ಮುಚ್ಚಳಕ್ಕೆ ಕತ್ತಾಗುತ್ತದೆ. ಒಳ್ಳೆಯ ಡಬ್ಬಿಯ ಮುಚ್ಚಳವನ್ನು ಮೇಲಿಟ್ಟು ಕೈಬಿಟ್ಟರೆ ಅದು ಧೊಪ್ಪನೆ ಬೀಳುವುದಿಲ್ಲ, ಒಳಗಿನ ಗಾಳಿ ಹೊರಹೋದಂತೆಲ್ಲ ತನ್ನ ತೂಕದಿಂದ ಮೆಲ್ಲಗೆ ಇಳಿಯುತ್ತದೆ. ಬಿಗಿಯಾದರೆ ಕತ್ತಿನ ಹೊರಮೈಯನ್ನು ತುಸು ಉಜ್ಜಬಹುದು. ಸಡಿಲವಾದರೆ ಮಾಡಲು ಏನೂ ಉಳಿಯುವುದಿಲ್ಲ, ಹಾಗಾಗಿ ಮೊದಲು ಬಿಗಿಯಾಗಿಯೇ ಇರಲಿ.

ತಳ ಮತ್ತು ಮುಚ್ಚಳದ ನೆತ್ತಿಗೆ ದುಂಡನೆಯ ಮರದ ಬಿಲ್ಲೆ ಕೂರಿಸಿ ಮೇಲೆ ತೊಗಟೆ ಹೊದಿಸುತ್ತೇವೆ. ತೊಗಟೆಯನ್ನು ಸುತ್ತಲೂ ಎರಡು ಮೂರು ಮಿಲಿಮೀಟರ್ ಹೆಚ್ಚಾಗಿ ಕತ್ತರಿಸಿ, ಅಂಟಿಸಿ, ತಣ್ಣಗಾದ ಮೇಲೆ ಅಂಚನ್ನು ಚೂರಿಯಿಂದ ಸವರಬೇಕು. ಬಿಸಿಯಲ್ಲೇ ಸವರಿದರೆ ತಣ್ಣಗಾಗುವಾಗ ತೊಗಟೆ ಒಳಗೆ ಸರಿದು ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ. ಒಳಮುಚ್ಚಳವನ್ನೂ ಹೀಗೆಯೇ ಮಾಡಿ ಹಿಡಿಯಲು ಒಂದು ಗುಬುಟು ಕೂರಿಸಿದರಾಯಿತು.

ಉಜ್ಜುವ ಕೆಲಸಕ್ಕೆ ಈಗ ಸ್ಯಾಂಡ್ ಪೇಪರ್ ಕೂಡ ಬಳಸುತ್ತಾರೆ. ಆದರೆ ಕೊನೆಯ ಮೆರುಗು ಬರುವುದು ತೊಕುಸಾ ಎಂಬ ಕಡ್ಡಿಗಿಡದ ಕಾಂಡ ಮತ್ತು ಮುಕು ಮರದ ಒಣಗಿದ ಎಲೆಯಿಂದ. ತೊಕುಸಾದ ಮೈಯಲ್ಲಿ ಸಿಲಿಕಾ ಇದೆ, ಮುಕು ಎಲೆಯ ಮೈ ಸಣ್ಣಗೆ ಗರಗರ. ಎರಡೂ ತೊಗಟೆಯನ್ನು ತೀರಾ ಕಡಿಮೆ ಸವೆಸುತ್ತವೆ. ಮೊದಲು ತೊಕುಸಾ, ಆಮೇಲೆ ಮುಕು ಎಲೆ, ಕೊನೆಗೆ ಮೆತ್ತನೆಯ ಬಟ್ಟೆ. ಈ ಕ್ರಮದಲ್ಲಿ ಹೋದಾಗ ಮಂಕಾಗಿದ್ದ ಕಂದು ಮೈ ಬಟ್ಟೆಯ ಕೆಳಗೇ ಕೆಂಪಾಗುತ್ತ ಬರುವುದನ್ನು ನೋಡುವುದು ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವ ಗಳಿಗೆ. ಕೂಡಿನ ಮೇಲೆ ಮಾತ್ರ ಕೈ ಹಗುರವಾಗಿರಲಿ, ಅಲ್ಲಿ ತೊಗಟೆ ಮೊದಲೇ ತೆಳ್ಳಗಿದೆ.

ಚಹಾ ಎಲೆ ಅಳೆಯುವ ಚಮಚ ಸಣ್ಣ ಕೆಲಸ, ಕಲಿಯುವವರಿಗೆ ಮೊದಲ ಪಾಠಕ್ಕೆ ಅದೇ ಒಳ್ಳೆಯದು. ತೆಳು ಮರದ ಹಾಳೆಯ ಎರಡೂ ಬದಿಗೆ ತೊಗಟೆ ಅಂಟಿಸಿ, ಬಿಸಿಯಿರುವಾಗಲೇ ಬಾಗಿದ ಅಚ್ಚಿಗೆ ಒತ್ತಿ ಕಟ್ಟಿ ತಣ್ಣಗಾಗಲು ಬಿಡುವುದು. ಎರಡು ಬದಿಯ ತೊಗಟೆಯೂ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ಹವೆ ಬದಲಾದಾಗಲೆಲ್ಲ ಚಮಚ ಒಂದು ಕಡೆಗೆ ತಿರುಚುತ್ತದೆ.

ಬಳಸುವವರಿಗೆ ಎರಡು ಮಾತು. ಹೊಸ ಡಬ್ಬಿಗೆ ತೊಗಟೆಯ, ಸರೇಸಿನ ವಾಸನೆ ಇರುತ್ತದೆ. ಹಳೆಯ ಚಹಾ ಎಲೆ ತುಂಬಿ ಕೆಲವು ದಿನ ಬಿಟ್ಟು ಅದನ್ನು ಎಸೆದರೆ ಹೋಗುತ್ತದೆ. ನೀರಿನಲ್ಲಿ ತೊಳೆಯುವಂತಿಲ್ಲ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಫ್ರಿಜ್‌ನಲ್ಲಿಡಬೇಡಿ, ಹೊರಗೆ ತೆಗೆದಾಗ ಮೈಮೇಲೆ ನೀರು ಕೂರುತ್ತದೆ. ಬಿಸಿಲು, ಹೀಟರ್‌ನ ಪಕ್ಕವೂ ಬೇಡ. ಜಪಾನಿನಿಂದ ಊರಿಗೆ ಬರುವ ಕನ್ನಡಿಗರು ಇದನ್ನು ಉಡುಗೊರೆಯಾಗಿ ತಂದರೆ ಕರಾವಳಿ, ಮಲೆನಾಡಿನ ಮನೆಗಳವರಿಗೆ ಒಂದು ಎಚ್ಚರಿಕೆ ಹೇಳಿ ಕೊಡಲಿ: ಮಳೆಗಾಲದ ತಿಂಗಳುಗಳಲ್ಲಿ ಸರೇಸು ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಬೂಸಲೂ ಹಿಡಿಯುತ್ತದೆ. ಆ ಕಾಲದಲ್ಲಿ ಅಡುಗೆಮನೆಯ ಒಲೆಯಿಂದ ದೂರ, ಗಾಳಿಯಾಡುವ ಕಪಾಟಿನಲ್ಲಿಟ್ಟು ವಾರಕ್ಕೊಮ್ಮೆ ಒರೆಸಬೇಕು.

ಎಲ್ಲಾದರೂ ಕೂಡು ಎದ್ದರೆ ಫೆವಿಕಾಲ್ ಹಾಕಲು ಹೋಗಬೇಡಿ. ಅದು ಒಮ್ಮೆ ಒಳಗೆ ಹೋದರೆ ಆ ಜಾಗದಲ್ಲಿ ಸರೇಸು ಮತ್ತೆ ಹಿಡಿಯುವುದಿಲ್ಲ. ಸರೇಸಿನ ದೊಡ್ಡ ಗುಣವೆಂದರೆ ಅದನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಎದ್ದ ಅಂಚಿನ ಕೆಳಗೆ ಬ್ರಷ್‌ನ ತುದಿಯಿಂದ ನೀರಿನ ಪಸೆ ಮುಟ್ಟಿಸಿ, ಮೇಲೆ ತೆಳು ಬಟ್ಟೆ ಹಾಸಿ, ಹದವಾಗಿ ಕಾದ ಸಣ್ಣ ಕಬ್ಬಿಣವನ್ನು ಕೆಲವು ಸೆಕೆಂಡು ಒತ್ತಿ, ತಣ್ಣಗಾಗುವವರೆಗೆ ದಾರ ಸುತ್ತಿಟ್ಟರೆ ಹಳೆಯ ಸರೇಸೇ ಅದನ್ನು ಮತ್ತೆ ಹಿಡಿದುಕೊಳ್ಳುತ್ತದೆ.